ಎರಡು ಓಎಸ್ ಹಾಕಿದ ಲ್ಯಾಪ್‌ಟಾಪ್ ಏಳದಿದ್ದರೆ: ಎಲ್ಲಿ ನಿಂತಿದೆ ಎಂದು ಮೊದಲು ನೋಡಿ

"ಡಿಸ್ಕೇ ಹೊಂಟೋಯ್ತು ಕನಣ್ಣ. ಪ್ರಾಜೆಕ್ಟ್ ಎಲ್ಲಾ ಅದ್ರಲ್ಲೇ ಇತ್ತು."

ಪಾಂಡವಪುರದ ಕಡೆಯ ಹುಡುಗ, ಮಂಡ್ಯದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ. ಗುತ್ತಲು ರಸ್ತೆಯ ನನ್ನ ರಿಪೇರಿ ಅಂಗಡಿಯ ಶಟರ್ ಎಳೆಯುವ ಹೊತ್ತಿಗೆ ಬ್ಯಾಗನ್ನು ಎದೆಗೆ ಅವುಚಿಕೊಂಡು ಬಂದಿದ್ದ. ವಿಂಡೋಸ್ ಪಕ್ಕದಲ್ಲಿ ಉಬುಂಟು ಎಂಬ ಲಿನಕ್ಸ್ ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕಲು ಹೊರಟಿದ್ದಾನೆ. ನಂಬಿಕೆಯ ಸಹಿ ಇರುವ ತಂತ್ರಾಂಶವನ್ನಷ್ಟೇ ಏಳಲು ಬಿಡುವ ಸೆಕ್ಯೂರ್ ಬೂಟ್ ಆಫ್ ಮಾಡಬೇಕೆಂದು ಯಾರೋ ಹೇಳಿದ್ದಾರೆ, ಮಾಡಿದ್ದಾನೆ. ಲ್ಯಾಪ್‌ಟಾಪ್ ಮತ್ತೆ ಆನ್ ಮಾಡಿದರೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಿದೆ. ಗಾಬರಿಯಲ್ಲಿ ಬಯೋಸ್‌ಗೆ (ಓಎಸ್‌ಗೂ ಮೊದಲು ಏಳುವ ಸೆಟ್ಟಿಂಗ್ ಪುಟ) ಹೋಗಿ, ಡಿಸ್ಕಿನ ಬೀಗದ ಕೀಲಿ ಕಾಯುವ ಚಿಪ್ ಅಳಿಸುವ ಟಿಪಿಎಂ ಕ್ಲಿಯರ್ ಎಂಬುದನ್ನೂ ಒತ್ತಿದ್ದಾನೆ. ಹಾಸ್ಟೆಲ್ ಗೆಳೆಯರು "ಫಾರ್ಮ್ಯಾಟ್ ಮಾಡ್ಬುಡು, ಸರಿಹೋಯ್ತದೆ" ಎಂದು ಪೆನ್‌ಡ್ರೈವ್ ಕೂಡ ಸಿದ್ಧಮಾಡಿ ಕೊಟ್ಟಿದ್ದರು. ಅದನ್ನು ಚುಚ್ಚುವ ಮೊದಲು ಇಲ್ಲಿಗೆ ಬಂದದ್ದು ಅವನ ಪುಣ್ಯ.

ಅವನ ಡಿಸ್ಕಿಗೆ ಏನೂ ಆಗಿರಲಿಲ್ಲ. ಫೈಲುಗಳೆಲ್ಲ ಇಟ್ಟ ಜಾಗದಲ್ಲೇ ಇದ್ದವು, ಬಾಗಿಲಿಗೆ ಬೀಗ ಬಿದ್ದಿತ್ತು ಅಷ್ಟೆ. ಎರಡು ಓಎಸ್ ಹಾಕಲು ಹೋಗಿ ನಿಂತುಹೋದ ಲ್ಯಾಪ್‌ಟಾಪ್‌ಗಳನ್ನು ವರ್ಷಗಳಿಂದ ಬಿಚ್ಚಿ ನೋಡುತ್ತಿದ್ದೇನೆ. ಅವುಗಳಲ್ಲಿ ಮಾಹಿತಿ ಕಳೆದುಕೊಂಡವರು ಮೊದಲ ತಪ್ಪಿನಿಂದ ಕಳೆದುಕೊಂಡದ್ದು ಕಡಿಮೆ. ಆ ತಪ್ಪನ್ನು ಸರಿಮಾಡುವ ಆತುರದಲ್ಲಿ ಕಳೆದುಕೊಂಡದ್ದೇ ಹೆಚ್ಚು. ಹಾಗಾಗಿ ಈ ಬರಹದ ಉದ್ದಕ್ಕೂ ಒಂದು ಪಟ್ಟು ಹಿಡಿದಿದ್ದೇನೆ: ಎಲ್ಲಿ ನಿಂತಿದೆ ಎಂದು ಗೊತ್ತಾಗುವವರೆಗೆ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯಬೇಡಿ. ಓದಿ ನೋಡಲು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಿ.

ಆಜ್ಞೆಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆಯೇ ಇಲ್ಲೂ ಬಿಡಿಸಿ ಬರೆದಿದ್ದೇನೆ. ನನ್ನ ಅರ್ಧ ರಿಪೇರಿ ಫೋನಿನಲ್ಲೇ ಆಗುವುದು.

ನೀರು ಯಾವ ತೂಬಿನವರೆಗೆ ಬಂದಿದೆ?

ನಮ್ಮ ಕಡೆಯವರಿಗೆ ಇದನ್ನು ನಾಲೆಯ ಮಾತಿನಲ್ಲಿ ಹೇಳಿದರೆ ಬೇಗ ಹತ್ತುತ್ತದೆ. ಕೆಆರ್‌ಎಸ್‌ನಿಂದ ಬಿಟ್ಟ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮದ್ದೂರು, ಮಳವಳ್ಳಿ ಕಡೆಯ ಕೊನೇ ಭಾಗದ ಗದ್ದೆಗೆ ಬರಲಿಲ್ಲ ಎಂದರೆ ಯಾರೂ ಗದ್ದೆಯನ್ನು ಅಗೆಯುವುದಿಲ್ಲ. ನೀರುಗಂಟಿ ನಾಲೆ ಏರಿಯ ಮೇಲೆ ನಡೆದು, ಯಾವ ತೂಬಿನವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂದು ನೋಡಿಕೊಂಡು ಬರುತ್ತಾನೆ.

ಲ್ಯಾಪ್‌ಟಾಪ್ ಏಳುವುದೂ ಹಾಗೆಯೇ. ಗುಂಡಿ ಒತ್ತಿದೊಡನೆ ಮದರ್‌ಬೋರ್ಡಿನಲ್ಲೇ ಇರುವ ಯುಇಎಫ್‌ಐ ಎಂಬ ತಂತ್ರಾಂಶ ಎದ್ದೇಳುತ್ತದೆ. ಬಾಯಿಮಾತಿನಲ್ಲಿ ಈಗಲೂ ಅದನ್ನು ಬಯೋಸ್ ಎಂದೇ ಕರೆಯುತ್ತೇವೆ. ಯಾವುದನ್ನು ಮೊದಲು ಎಬ್ಬಿಸಬೇಕು ಎಂಬ ಪಟ್ಟಿ ಮದರ್‌ಬೋರ್ಡಿನ ಚಿಪ್‌ನಲ್ಲಿದೆ. ಪಟ್ಟಿ ಹೇಳಿದ ಕಡೆ, ಅಂದರೆ ಡಿಸ್ಕಿನ ಮೊದಲ ಭಾಗದಲ್ಲಿ ಸಾಮಾನ್ಯವಾಗಿ ಇರುವ 100ರಿಂದ 260 ಎಂಬಿಯ ಪುಟ್ಟ ಇಎಫ್‌ಐ ಪಾರ್ಟಿಷನ್ನಿಗೆ (ಪಾರ್ಟಿಷನ್ ಎಂದರೆ ಡಿಸ್ಕನ್ನು ಭಾಗಮಾಡಿದ ಒಂದು ಪಾಲು) ಅದು ಹೋಗುತ್ತದೆ. ಅದರೊಳಗೆ ಮೈಕ್ರೋಸಾಫ್ಟ್ ಎಂಬ ಒಂದು ಫೋಲ್ಡರ್, ಉಬುಂಟು ಎಂಬ ಇನ್ನೊಂದು. ಉಬುಂಟು ದಾರಿಯಲ್ಲಿ ಮೊದಲು ಸೆಕ್ಯೂರ್ ಬೂಟ್ ಒಪ್ಪುವ ಸಹಿ ಇರುವ ಶಿಮ್, ಆಮೇಲೆ ಓಎಸ್ ಆರಿಸುವ ಪಟ್ಟಿ ತೋರಿಸುವ ಗ್ರಬ್, ಆಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್. ವಿಂಡೋಸ್ ದಾರಿಯಲ್ಲಿ ಅದರದೇ ಬೂಟ್ ಮ್ಯಾನೇಜರ್.

ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಪರದೆಯೇ ಹೇಳುತ್ತದೆ. ಬೂಟ್ ಆಗುವ ಸಾಧನವೇ ಇಲ್ಲ ಎಂದರೆ ಚಿಪ್‌ನ ಪಟ್ಟಿಯಲ್ಲಿ, ಇಎಫ್‌ಐ ಪಾರ್ಟಿಷನ್ನಿನಲ್ಲಿ ಅಥವಾ ಡಿಸ್ಕಿನಲ್ಲೇ ತೊಂದರೆ. ಸೆಕ್ಯುರಿಟಿ ಪಾಲಿಸಿ ವಯೊಲೇಷನ್ ಎಂದರೆ ಶಿಮ್ ಹತ್ತಿರ. ಕಪ್ಪು ಪರದೆಯಲ್ಲಿ ಗ್ರಬ್ ಎಂಬ ಪದವೊಂದೇ ಮಿನುಗುತ್ತಿದ್ದರೆ ಗ್ರಬ್ ಎದ್ದಿದೆ, ಅದರ ಕಡತಗಳು ಮಾತ್ರ ಕೈಗೆ ಸಿಕ್ಕಿಲ್ಲ. ಇನಿಟ್‌ರಾಮ್‌ಎಫ್‌ಎಸ್ ಎಂದು ನಿಂತರೆ ಕರ್ನಲ್ ಕೂಡ ಬಂದಾಗಿದೆ, ಲಿನಕ್ಸ್ ಪಾರ್ಟಿಷನ್ ತೆರೆದುಕೊಂಡಿಲ್ಲ. ಬಹುಪಾಲು, ಪಾರ್ಟಿಷನ್ನಿನ ದೋಷ ಹುಡುಕಿ ಸರಿಮಾಡುವ ಎಫ್‌ಎಸ್‌ಸಿಕೆ ಆಜ್ಞೆ ಓಡಿಸಿದರೆ ಮುಗಿಯುವ ಕೆಲಸ. ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ನೀಲಿ ಪರದೆ ಬಂದರೆ ವಿಂಡೋಸ್ ಎದ್ದಿದೆ, ಡಿಸ್ಕನ್ನು ಮಾತನಾಡಿಸುವ ಡ್ರೈವರ್ ಎದ್ದಿಲ್ಲ. ಪರದೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. "ಏನೋ ಇಂಗ್ಲಿಷಲ್ಲಿ ಬಂತು" ಎಂದರೆ ಯಾರಿಂದಲೂ ಸಹಾಯ ಮಾಡಲಾಗದು.

48 ಅಂಕಿ ಕೇಳುತ್ತಿದ್ದರೆ

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನನ್ನ ಬಳಿಗೆ ಬರುವ ದೊಡ್ಡ ಗುಂಪು ಇದು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಎಂಬುದನ್ನು ತಾವು ಯಾವತ್ತೂ ಆನ್ ಮಾಡಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ. ವಿಂಡೋಸ್ 11ರ 2024ರ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕಿನ ಗೂಢಲಿಪೀಕರಣ ತಾನೇ ಆನ್ ಆಗುತ್ತದೆ, ಹೋಮ್ ಆವೃತ್ತಿಯಲ್ಲೂ. ಬೀಗದ ಕೈಯನ್ನು ಟಿಪಿಎಂ ಚಿಪ್ ಕಾಯುತ್ತದೆ. ಬಯೋಸ್ ಸೆಟ್ಟಿಂಗ್ ಬದಲಾದದ್ದು ಕಂಡರೆ ಯಾರೋ ಹೊರಗಿನವರು ಕೈ ಹಾಕಿದ್ದಾರೆ ಎಂದು ಭಾವಿಸಿ ಕೊಡಲು ಒಪ್ಪುವುದಿಲ್ಲ. ಅದು ತನ್ನ ಕೆಲಸವನ್ನೇ ಮಾಡುತ್ತಿದೆ.

ಆದ್ದರಿಂದ ಮೊದಲು ಮಾಡಬೇಕಾದದ್ದು, ಏನು ಬದಲಿಸಿದಿರೋ ಅದನ್ನು ವಾಪಸ್ ಹಾಕುವುದು. ಸೆಕ್ಯೂರ್ ಬೂಟ್ ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿ. ಬೇರೇನನ್ನೂ ಮುಟ್ಟಿಲ್ಲವಾದರೆ ಎಷ್ಟೋ ಸಲ ವಿಂಡೋಸ್ ಏನೂ ಆಗದಂತೆ ಏಳುತ್ತದೆ. ನಮ್ಮ ಹುಡುಗನಿಗೆ ಆ ದಾರಿ ಮುಚ್ಚಿತ್ತು. ಟಿಪಿಎಂ ಕ್ಲಿಯರ್ ಮಾಡಿದರೆ ಚಿಪ್‌ನಲ್ಲಿದ್ದ ಕೀಲಿಯೇ ಅಳಿಸಿಹೋಗುತ್ತದೆ. ಆ ಗುಂಡಿಯನ್ನು ದಯವಿಟ್ಟು ಒತ್ತಬೇಡಿ.

ಇನ್ನು ಉಳಿದದ್ದು ರಿಕವರಿ ಕೀ. ಮೈಕ್ರೋಸಾಫ್ಟ್ ಖಾತೆಯ ಜಾಲಪುಟದಲ್ಲಿ ಡಿವೈಸಸ್ ವಿಭಾಗಕ್ಕೆ ಹೋದರೆ ಸಿಗುತ್ತದೆ. ನೀಲಿ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ 8 ಅಕ್ಷರ ಅಲ್ಲಿಯದಕ್ಕೆ ಹೊಂದಬೇಕು. ಹುಡುಗನ ಖಾತೆಯಲ್ಲಿ ಏನೂ ಇರಲಿಲ್ಲ. ಅವನ ಮುಖ ಬಿಳಿಚಿಕೊಂಡಿತು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಲ್ಯಾಪ್‌ಟಾಪನ್ನು ಡಬ್ಬದಿಂದ ತೆಗೆದು ಮೊದಲ ಸಲ ಆನ್ ಮಾಡಿದವರು ಯಾರು? ಮೊದಲು ಯಾರ ಖಾತೆಯಿಂದ ಲಾಗಿನ್ ಆಗಿತ್ತೋ ಕೀ ಅಲ್ಲಿಗೆ ಹೋಗಿ ಕೂತಿರುತ್ತದೆ. ಮಾರಿದ ಅಂಗಡಿಯವರ ಖಾತೆ ಇರಬಹುದು, ಭಾವನದು ಇರಬಹುದು.

"ಅಕ್ಕ ಕೊಡ್ಸಿದ್ದು ಅಣ್ಣ. ಮೈಸೂರಲ್ಲಿ ಹೆಬ್ಬಾಳ್ ಕಡೆ ಫ್ಯಾಕ್ಟ್ರೀಲಿ ಕೆಲ್ಸ. ಅವ್ಳೇ ಆನ್ ಮಾಡಿ ಕೊಟ್ಳು."

ಅಕ್ಕ ಸೆಕೆಂಡ್ ಶಿಫ್ಟ್‌ನಲ್ಲಿದ್ದರು. ಊಟದ ಬಿಡುವಿನಲ್ಲಿ ಅವರ ಮೊಬೈಲಿನಿಂದಲೇ ಖಾತೆ ತೆರೆಸಿದೆವು. ಅಲ್ಲಿತ್ತು. ಆರಾರು ಅಂಕಿಯ ಎಂಟು ಗುಂಪು. ಅವರು ಓದಿದರು, ಹುಡುಗ ಒತ್ತಿದ, ನಾನು ಕಾಗದದ ಮೇಲೆ ಬರೆದುಕೊಂಡೆ. ಎಂಟನೆಯ ಗುಂಪು ಮುಗಿದು ವಿಂಡೋಸ್ ಲಾಂಛನ ಬಂದಾಗ ಆ ಕಡೆಯಿಂದ ಅಕ್ಕ "ಬಂತೇನೋ?" ಎಂದು ಎರಡು ಸಲ ಕೇಳಿದರು, ಹುಡುಗನಿಗೆ ದನಿ ಬರಲಿಲ್ಲ. ನಾನೇ "ಬಂತಮ್ಮ" ಎಂದೆ.

ಒಂದು ವೇಳೆ ಕೀ ಎಲ್ಲೂ ಸಿಗದಿದ್ದರೆ ಒಳಗಿನದನ್ನು ನಾನಾಗಲೀ ಯಾವ ಲ್ಯಾಬಾಗಲೀ ತೆಗೆದುಕೊಡಲು ಆಗುವುದಿಲ್ಲ. ಅದಕ್ಕೇ ಕೆಲಸಕ್ಕೆ ಕೈ ಹಾಕುವ ಮೊದಲೇ ನೋಡಿಕೊಳ್ಳಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಮ್ಯಾನೇಜ್, ಅಡ್ಡಗೆರೆ, ಬಿಡಿಇ ಎಂದು ಒಟ್ಟಿಗೆ ಹೊಡೆದು, ಜಾಗ ಬಿಟ್ಟು, ಅಡ್ಡಗೆರೆ ಸ್ಟೇಟಸ್ ಎಂದು ಕೊಡಿ. ಸಿ ಡ್ರೈವಿನ ಎದುರು ಪ್ರೊಟೆಕ್ಷನ್ ಆನ್ ಎಂದಿದ್ದರೆ ಕೀಯನ್ನು ಕಾಗದಕ್ಕೆ ಇಳಿಸಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಪೂರ್ತಿ ಆಫ್ ಮಾಡಿ. ತಾತ್ಕಾಲಿಕವಾಗಿ ನಿಲ್ಲಿಸುವ ಸಸ್ಪೆಂಡ್ ಆಯ್ಕೆಯೂ ಇದೆ, ಆದರೆ ಗೂಢಲಿಪಿಯಲ್ಲಿರುವ ಡಿಸ್ಕ್ ಕಂಡರೆ ಉಬುಂಟು ಇನ್‌ಸ್ಟಾಲರ್‌ನ ಕೆಲವು ಆವೃತ್ತಿಗಳು ಬಿಟ್‌ಲಾಕರ್ ಆಫ್ ಮಾಡಿ ಬಾ ಎಂದು ನಿಂತುಬಿಡುತ್ತವೆ. ಎರಡೂ ಓಎಸ್ ಸರಿಯಾಗಿ ನಡೆದ ಮೇಲೆ ಮತ್ತೆ ಆನ್ ಮಾಡಿಕೊಳ್ಳಬಹುದು. ಆಗ ವಿಂಡೋಸನ್ನು ಗ್ರಬ್ ಪಟ್ಟಿಯಿಂದ ತೆರೆದರೆ ಹಲವು ಯಂತ್ರಗಳಲ್ಲಿ ಮತ್ತೆ 48 ಅಂಕಿ ಕೇಳುತ್ತದೆ. ಬಯೋಸ್‌ನ ಬೂಟ್ ಪಟ್ಟಿಯಿಂದಲೇ ತೆರೆಯಿರಿ.

ಸಿ ಡ್ರೈವ್ ಕುಗ್ಗುತ್ತಿಲ್ಲ

ಉಬುಂಟುಗೆ ಜಾಗ ಮಾಡಲು ಸಿ ಡ್ರೈವನ್ನು ಕುಗ್ಗಿಸಬೇಕು. 300 ಜಿಬಿ ಖಾಲಿ ಇದೆ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಶ್ರಿಂಕ್ ಒತ್ತಿದರೆ 4 ಜಿಬಿ ಮಾತ್ರ ಬಿಟ್ಟುಕೊಡುತ್ತೇನೆ ಎನ್ನುತ್ತದೆ. ಇದು ಡಿಸ್ಕ್ ಕೆಟ್ಟಿರುವ ಗುರುತಲ್ಲ. ವಿಂಡೋಸ್ ಪಾರ್ಟಿಷನ್ನನ್ನು ಬಲಗಡೆಯ ಕೊನೆಯಿಂದ ಕುಗ್ಗಿಸುತ್ತದೆ. ಆ ಕೊನೆಯ ಹತ್ತಿರ ಅಲುಗಾಡಿಸಲಾಗದ ಒಂದೇ ಒಂದು ಫೈಲು ಕೂತಿದ್ದರೂ ಸಾಕು, ಅದರ ಈಚೆಗೆ ಬರಲಾಗುವುದಿಲ್ಲ. ಬಸ್ಸಿನಲ್ಲಿ ಬಾಗಿಲ ಹತ್ತಿರ ಒಬ್ಬರು ಅಡ್ಡ ನಿಂತರೆ ಒಳಗೆ ಎಷ್ಟು ಜಾಗವಿದ್ದರೂ ಹತ್ತಲಾಗದ ಹಾಗೆ.

ಆ ಫೈಲು ಯಾವುದು ಎಂದು ಊಹಿಸಬೇಕಿಲ್ಲ, ವಿಂಡೋಸ್ ಬರೆದಿಟ್ಟಿರುತ್ತದೆ. ಶ್ರಿಂಕ್ ಪ್ರಯತ್ನ ಮಾಡಿದ ಮೇಲೆ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನೊಳಗೆ ಅಪ್ಲಿಕೇಷನ್ ಎಂಬಲ್ಲಿ ಈವೆಂಟ್ ಐಡಿ 259 ಹುಡುಕಿ. ಕೊನೆಯಲ್ಲಿ ಅಡ್ಡ ಕೂತ ಫೈಲಿನ ಹೆಸರು ಅದರಲ್ಲಿರುತ್ತದೆ. ಇದನ್ನು ನೋಡದೆ ಸಿಕ್ಕಸಿಕ್ಕ ಪಾರ್ಟಿಷನ್ ತಂತ್ರಾಂಶ ಇಳಿಸಿಕೊಂಡು ಓಡಿಸುವವರೇ ಜಾಸ್ತಿ.

ಹೆಸರಿನಲ್ಲಿ ಹೈಬರ್‌ಫಿಲ್ ಎಂದಿದ್ದರೆ ಅದು ಹೈಬರ್ನೇಷನ್ ಫೈಲು. ಪವರ್‌ಸಿಎಫ್‌ಜಿ ಎಂದು ಒಂದೇ ಪದವಾಗಿ ಹೊಡೆದು, ಜಾಗ ಬಿಟ್ಟು ಓರೆಗೆರೆ ಎಚ್, ಜಾಗ ಬಿಟ್ಟು ಆಫ್. ಫೈಲು ಅಳಿದುಹೋಗುತ್ತದೆ. ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ, ಅದು ಹೇಗೂ ನಿಲ್ಲಲೇಬೇಕಾದದ್ದು. ಕಾರಣ ಮುಂದೆ ಬರುತ್ತದೆ. ಪೇಜ್‌ಫೈಲ್ ಎಂದಿದ್ದರೆ ಅಡ್ವಾನ್ಸ್‌ಡ್ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ವರ್ಚುವಲ್ ಮೆಮೊರಿಯನ್ನು ತಾತ್ಕಾಲಿಕವಾಗಿ ತೆಗೆದು ರೀಸ್ಟಾರ್ಟ್ ಮಾಡಿ, ಕುಗ್ಗಿಸಿದ ಮೇಲೆ ಮರೆಯದೆ ವಾಪಸ್ ಹಾಕಿ. ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್ ಎಂದಿದ್ದರೆ ರಿಸ್ಟೋರ್ ಪಾಯಿಂಟ್‌ಗಳು. ಸಿಸ್ಟಂ ಪ್ರೊಟೆಕ್ಷನ್ ಆಫ್ ಮಾಡಿ. ಒಂದನ್ನು ತೆಗೆದ ಮೇಲೆ ಇನ್ನೊಂದು ಅಡ್ಡ ಬರಬಹುದು, ಪ್ರತಿ ಸಲವೂ 259 ನೋಡುತ್ತಾ ಹೋಗಿ. ಕೊನೆಗೆ ಡಾಲರ್ ಚಿಹ್ನೆಯಿಂದ ಶುರುವಾಗುವ ಎಂಎಫ್‌ಟಿ ಎಂಬ ಹೆಸರು (ಡ್ರೈವಿನ ಫೈಲುಗಳ ಸೂಚಿಪಟ್ಟಿ) ಬಂದರೆ ವಿಂಡೋಸ್ ಓಡುತ್ತಿರುವಾಗ ಅದನ್ನು ಸರಿಸಲಾಗುವುದಿಲ್ಲ. ಬ್ಯಾಕಪ್ ತೆಗೆದು, ಉಬುಂಟು ಪೆನ್‌ಡ್ರೈವಿನಿಂದ ಎದ್ದು, ಜಿಪಾರ್ಟೆಡ್ ಎಂಬ ಪಾರ್ಟಿಷನ್ ಸಾಧನದಲ್ಲಿ ಕುಗ್ಗಿಸಿ. ಆ ಕೆಲಸ ನಡೆಯುವಾಗ ಚಾರ್ಜರ್ ಹಾಕಿರಲಿ, ಬ್ಯಾಟರಿಯೂ ತುಂಬಿರಲಿ. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಶುರುಮಾಡಲೇಬೇಡಿ. ಫೈಲು ಸರಿಸುವ ಮಧ್ಯೆ ಕರೆಂಟ್ ಹೋದರೆ ಅದು ಬೇರೆಯೇ ಕಥೆ.

ಎಷ್ಟು ಕುಗ್ಗಿಸಬೇಕು ಎಂಬುದನ್ನು ಅಲ್ಲಿ ಎಂಬಿಯಲ್ಲಿ ಕೇಳುತ್ತದೆ. 100 ಜಿಬಿಗೆ 102400. ಕುಗ್ಗಿದ ಜಾಗ ಕಪ್ಪು ಪಟ್ಟಿಯಾಗಿ ಅನ್‌ಅಲೊಕೇಟೆಡ್ ಎಂದು ಕಾಣಬೇಕು, ಅದನ್ನು ಹಾಗೆಯೇ ಬಿಡಿ. ಇ ಡ್ರೈವ್ ಮಾಡಿ ಫಾರ್ಮ್ಯಾಟ್ ಮಾಡಿಟ್ಟುಬಿಟ್ಟರೆ ಪಕ್ಕದಲ್ಲಿ ಹಾಕುವ ಆಯ್ಕೆಗೆ ಖಾಲಿ ಜಾಗ ಎಂಬುದೇ ಇರುವುದಿಲ್ಲ.

ಕುಗ್ಗಿಸುವ ಮೊದಲು ಡಿಸ್ಕಿನ ಆರೋಗ್ಯವನ್ನೂ ನೋಡಿ. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ತನ್ನ ಆರೋಗ್ಯ ಬರೆದಿಡುವ ಸ್ಮಾರ್ಟ್ ಪಟ್ಟಿಯಲ್ಲಿ ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಲು ತೊಂದರೆಯಾಗುತ್ತಿರುವ ಜಾಗಗಳ ಲೆಕ್ಕ) ಎಂಬುದು ಸೊನ್ನೆಗಿಂತ ಹೆಚ್ಚಿದ್ದರೆ ನಾನು ಪಾರ್ಟಿಷನ್ ಮುಟ್ಟುವುದಿಲ್ಲ. ಮಾಹಿತಿ ನಕಲು ಮಾಡಿ, ಹೊಸ ಎಸ್‌ಎಸ್‌ಡಿ ಹಾಕಿಸಿ ಎನ್ನುತ್ತೇನೆ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುತ್ತಿಲ್ಲ

ವಿಂಡೋಸ್‌ನಲ್ಲಿ 512 ಜಿಬಿ ಎಸ್‌ಎಸ್‌ಡಿ ಚೆನ್ನಾಗಿ ಓಡುತ್ತಿದೆ, ಉಬುಂಟು ಪೆನ್‌ಡ್ರೈವಿನಿಂದ ಎದ್ದರೆ ಡಿಸ್ಕ್ ಪಟ್ಟಿಯಲ್ಲಿ ಪೆನ್‌ಡ್ರೈವ್ ಮಾತ್ರ. ಅಥವಾ ಆರ್‌ಎಸ್‌ಟಿ (ಇಂಟೆಲ್‌ನ ಡಿಸ್ಕ್ ನಿರ್ವಹಣೆ) ಆಫ್ ಮಾಡಿ ಎಂದು ಇನ್‌ಸ್ಟಾಲರ್ ಹೇಳುತ್ತದೆ. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ನಿಯಂತ್ರಣವನ್ನು ರೇಡ್ ಅಥವಾ ವಿಎಂಡಿ ಎಂಬ ವಿಧಾನದಲ್ಲಿಟ್ಟು ಕಳಿಸಿರುತ್ತಾರೆ. ಬಯೋಸ್‌ನಲ್ಲಿ ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ಬದಲಿಸಬೇಕು ಅಥವಾ ವಿಎಂಡಿ ಆಫ್ ಮಾಡಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಅಡಗಿರುತ್ತದೆ, ಬಯೋಸ್‌ನ ಮೈನ್ ಪುಟದಲ್ಲಿ ಕಂಟ್ರೋಲ್ ಹಿಡಿದು ಎಸ್ ಒತ್ತಿದರೆ ಮಾತ್ರ ಹೊರಬರುತ್ತದೆ.

ಎಲ್ಲರೂ ಎಡವುವುದು ಇಲ್ಲೇ. ನೇರವಾಗಿ ಬದಲಿಸಿದರೆ ಉಬುಂಟುಗೆ ಡಿಸ್ಕ್ ಕಾಣುತ್ತದೆ, ಆದರೆ ವಿಂಡೋಸ್ ಮೇಲೆ ಹೇಳಿದ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಪರದೆಯಲ್ಲಿ ನಿಲ್ಲುತ್ತದೆ. ಹಾಗಾದರೆ ಹೆದರಬೇಡಿ, ಸೆಟ್ಟಿಂಗನ್ನು ಹಳೆಯದಕ್ಕೆ ಹಿಂತಿರುಗಿಸಿ, ವಿಂಡೋಸ್ ಏಳುತ್ತದೆ. ಆಮೇಲೆ ಸರಿಯಾದ ಕ್ರಮದಲ್ಲಿ ಮಾಡಿ. ಬಿಟ್‌ಲಾಕರ್ ಆಫ್ ಆಗಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಖಾತೆಯ ಪಾಸ್‌ವರ್ಡ್ ನೆನಪಿರಲಿ, ಸೇಫ್ ಮೋಡ್‌ನಲ್ಲಿ ನಾಲ್ಕಂಕಿಯ ಪಿನ್ ನಡೆಯದೇ ಇರಬಹುದು. ವಿಂಡೋಸ್ ಮತ್ತು ಆರ್ ಒಟ್ಟಿಗೆ ಒತ್ತಿ ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಪುಟದಲ್ಲಿ ಸೇಫ್ ಬೂಟ್ ಗುರುತಿಸಿ. ರೀಸ್ಟಾರ್ಟ್ ಆಗುವಾಗ ನೇರ ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದು ಹೊಸ ಡ್ರೈವರನ್ನು ಹಿಡಿದುಕೊಳ್ಳುತ್ತದೆ. ಎಂಎಸ್‌ಕಾನ್ಫಿಗ್‌ನಲ್ಲಿ ಗುರುತು ತೆಗೆದು ಮತ್ತೊಮ್ಮೆ ರೀಸ್ಟಾರ್ಟ್ ಮಾಡಿ. ಹತ್ತು ನಿಮಿಷದ ಕೆಲಸ.

ಹಳೆಯ ಲ್ಯಾಪ್‌ಟಾಪಿನ ನಾಲ್ಕು ಕೋಣೆ

ಸರಸ್ವತಿಪುರಂನ ನಿವೃತ್ತ ಮೇಷ್ಟ್ರೊಬ್ಬರ ಲ್ಯಾಪ್‌ಟಾಪಿಗೆ ಮೈಸೂರಿಗೇ ಹೋಗಿದ್ದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಇಂಥ ಕರೆಗಳು ಹೆಚ್ಚಾಗಿವೆ. ವಿಂಡೋಸ್ 11 ಹಿಡಿಸದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಯಂತ್ರಗಳಿಗೆ ಲಿನಕ್ಸ್ ಒಳ್ಳೆಯ ದಾರಿ, ನಾನು ಮನಸಾರೆ ಹೇಳುವ ದಾರಿ. ಮೇಷ್ಟ್ರಿಗೆ ನುಡಿ ತಂತ್ರಾಂಶದ ಹಳೆಯ ಕಡತಗಳಿಗಾಗಿ ವಿಂಡೋಸ್ ಕೂಡ ಬೇಕಿತ್ತು.

ಅವರದು ಎಂಬಿಆರ್ ಡಿಸ್ಕ್, ಅಂದರೆ ಪಾರ್ಟಿಷನ್‌ಗಳ ಲೆಕ್ಕವನ್ನು ಹಳೆಯ ಪದ್ಧತಿಯಲ್ಲಿ ಇಡುವಂಥದ್ದು. 1980ರ ದಶಕದಲ್ಲಿ ಬಂದ ಈ ಪದ್ಧತಿಯಲ್ಲಿ ಪ್ರೈಮರಿ ಪಾರ್ಟಿಷನ್‌ಗಳಿಗೆ ನಾಲ್ಕೇ ಕೋಣೆ. ಹೊಸ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128. ಲ್ಯಾಪ್‌ಟಾಪ್ ಕೊಟ್ಟವರೇ ಸಿಸ್ಟಂ, ಸಿ, ರಿಕವರಿ, ಟೂಲ್ಸ್ ಎಂದು ನಾಲ್ಕನ್ನೂ ತುಂಬಿಸಿದ್ದರು. ಮೇಷ್ಟ್ರ ಮೊಮ್ಮಗ ಸಿ ಡ್ರೈವ್ ಕುಗ್ಗಿಸಿ, ಆ ಖಾಲಿ ಜಾಗದಲ್ಲಿ ಹೊಸ ವಾಲ್ಯೂಮ್ ಮಾಡಲು ಹೋಗಿದ್ದ. ಡಿಸ್ಕನ್ನು ಡೈನಾಮಿಕ್ ಆಗಿ ಬದಲಿಸುತ್ತೇನೆ ಎಂದು ಎಚ್ಚರಿಕೆ ಬಂದಿತ್ತು. ಅವನು ಅದೃಷ್ಟಕ್ಕೆ ನೋ ಒತ್ತಿ ನನಗೆ ಫೋನ್ ಮಾಡಿದ್ದ.

ಯೆಸ್ ಒತ್ತಿದ್ದರೆ ಲಿನಕ್ಸ್ ಇನ್‌ಸ್ಟಾಲರ್ ಆ ಡಿಸ್ಕಿನಲ್ಲಿ ಕೂರುತ್ತಿರಲಿಲ್ಲ, ಮತ್ತೆ ಬೇಸಿಕ್‌ಗೆ ತರಲು ವಿಂಡೋಸ್‌ನ ಸ್ವಂತ ದಾರಿಯಲ್ಲಿ ಎಲ್ಲ ವಾಲ್ಯೂಮ್ ಅಳಿಸಬೇಕಾಗುತ್ತಿತ್ತು. ಆ ಎಚ್ಚರಿಕೆಗೆ ಉತ್ತರ ಯಾವಾಗಲೂ ನೋ. ಒಂದು ಪಾರ್ಟಿಷನ್ ತೆಗೆದು ಆ ಕೋಣೆಯನ್ನು ಎಕ್ಸ್‌ಟೆಂಡೆಡ್, ಅಂದರೆ ತನ್ನೊಳಗೆ ಇನ್ನಷ್ಟು ಪಾರ್ಟಿಷನ್ ಹಿಡಿಯುವಂಥದ್ದು, ಮಾಡಿಕೊಳ್ಳಬೇಕು. ನಾವು ಟೂಲ್ಸ್ ಪಾರ್ಟಿಷನ್ನಿನ ನಕಲು ತೆಗೆದಿಟ್ಟು ಅದನ್ನು ಅಳಿಸಿದೆವು, ಲಿನಕ್ಸ್ ಅನ್ನು ಎಕ್ಸ್‌ಟೆಂಡೆಡ್ ಒಳಗಿನ ಲಾಜಿಕಲ್ ಪಾರ್ಟಿಷನ್ನಿನಲ್ಲಿ ಹಾಕಿದೆವು. ಯುಇಎಫ್‌ಐ ಇರುವ ಯಂತ್ರವಾದರೆ ವಿಂಡೋಸ್ 10ರಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಮಾಹಿತಿ ಉಳಿಸಿಕೊಂಡೇ ಜಿಪಿಟಿಗೆ ಹೋಗಬಹುದು. ಅದಕ್ಕೆ ಹೆಚ್ಚೆಂದರೆ ಮೂರು ಪ್ರೈಮರಿ ಇರಬೇಕು, ಎಕ್ಸ್‌ಟೆಂಡೆಡ್ ಇರಬಾರದು. ಮೊದಲು ವ್ಯಾಲಿಡೇಟ್ ಆಯ್ಕೆಯಲ್ಲಿ ಓಡಿಸಿ ನೋಡಿ, ಅದು ಪರೀಕ್ಷೆ ಮಾಡುತ್ತದೆ, ಬರೆಯುವುದಿಲ್ಲ.

ಇನ್ನೊಂದು ಗೊಂದಲ ಇಲ್ಲೇ ಸೇರಿಕೊಂಡಿದೆ. ವಿಂಡೋಸ್ ಯುಇಎಫ್‌ಐ ವಿಧಾನದಲ್ಲಿದ್ದು ಪೆನ್‌ಡ್ರೈವ್ ಲೆಗಸಿ, ಅಂದರೆ ಹಳೆಯ ಬಯೋಸ್ ಕಾಲದ ವಿಧಾನದಲ್ಲಿ ಎದ್ದರೆ ಎರಡು ಓಎಸ್‌ಗಳಿಗೆ ಪರಸ್ಪರ ಮುಖಪರಿಚಯವೇ ಆಗುವುದಿಲ್ಲ. ಪೆನ್‌ಡ್ರೈವಿನಿಂದ ಎದ್ದ ಮೇಲೆ ಟರ್ಮಿನಲ್‌ನಲ್ಲಿ ಸಿಸ್ ಫೋಲ್ಡರಿನ ಫರ್ಮ್‌ವೇರ್ ಒಳಗೆ ಇಎಫ್‌ಐ ಎಂಬ ಫೋಲ್ಡರ್ ಇದೆಯೇ ನೋಡಿ. ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ. ವಿಂಡೋಸ್ ಕಡೆ ಎಂಎಸ್‌ಇನ್ಫೋ32 ತೆರೆದರೆ ಬಯೋಸ್ ಮೋಡ್ ಎಂಬ ಸಾಲಿದೆ. ಎರಡೂ ಒಂದೇ ಹೇಳಬೇಕು.

ಹಾಕಿದ್ದು ಸರಿಯಾಯಿತು, ಆದರೆ ನೇರ ವಿಂಡೋಸೇ ಏಳುತ್ತದೆ

ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಲಿನಕ್ಸ್ ಒಳಗಿದೆ, ಚಿಪ್‌ನ ಪಟ್ಟಿಯಲ್ಲಿ ಹಿಂದೆ ಬಿದ್ದಿದೆ. ಬಯೋಸ್‌ನ ಬೂಟ್ ಕ್ರಮದಲ್ಲಿ ಉಬುಂಟು ಮೇಲೆ ತನ್ನಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ತಾನೇ ಮೊದಲಾಗಿ ಕೂರುವುದು ಸಾಮಾನ್ಯ, ಆಗಲೂ ಇದೇ ಮದ್ದು. ಬಯೋಸ್‌ನಲ್ಲಿ ಉಬುಂಟು ಹೆಸರೇ ಇಲ್ಲವಾದರೆ ಪೆನ್‌ಡ್ರೈವಿನಿಂದ ಎದ್ದು ಇಎಫ್‌ಐಬೂಟ್‌ಎಂಜಿಆರ್ ಎಂದು ಕೊಟ್ಟು ಪಟ್ಟಿ ನೋಡಿ. ಕೆಲವು ಯಂತ್ರಗಳು ಪಟ್ಟಿ ಏನೇ ಹೇಳಿದರೂ ವಿಂಡೋಸ್ ಬೂಟ್ ಮ್ಯಾನೇಜರ್ ಕಡೆಗೇ ಓಡುತ್ತವೆ. ಅಂಥದ್ದರಲ್ಲಿ ವಿಂಡೋಸ್‌ನ ಬಿಸಿಡಿಎಡಿಟ್‌ನಿಂದ ಬೂಟ್‌ಎಂಜಿಆರ್‌ನ ಪಾತ್ ಅನ್ನು ಉಬುಂಟು ಫೋಲ್ಡರಿನ ಶಿಮ್‌ಎಕ್ಸ್64 ಕಡತಕ್ಕೆ ತಿರುಗಿಸಿದರೆ ದಾರಿಗೆ ಬರುತ್ತದೆ.

ಇದರ ತಿರುವುಮುರುವು: ಗ್ರಬ್ ಬರುತ್ತದೆ, ಅದರಲ್ಲಿ ವಿಂಡೋಸ್ ಹೆಸರಿಲ್ಲ. ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವುದನ್ನು ಮೂಲದಲ್ಲೇ ನಿಲ್ಲಿಸಿದ್ದಾರೆ. ಇಟಿಸಿ ಫೋಲ್ಡರಿನ ಡಿಫಾಲ್ಟ್ ಒಳಗಿರುವ ಗ್ರಬ್ ಕಡತದಲ್ಲಿ ಡಿಸೇಬಲ್ ಓಎಸ್ ಪ್ರೋಬರ್ ಎಂಬ ಸಾಲನ್ನು ಫಾಲ್ಸ್ ಮಾಡಿ, ಸುಡೊ ಜೊತೆ ಅಪ್‌ಡೇಟ್, ಅಡ್ಡಗೆರೆ, ಗ್ರಬ್ ಎಂದು ಒಟ್ಟಿಗೆ ಹೊಡೆದು ಕೊಡಿ.

ಗ್ರಬ್ ಎಂದು ನಿಂತಿದೆ

ಇದು ಬಹುಪಾಲು ಲಿನಕ್ಸ್ ಬೇಡವೆಂದು ವಿಂಡೋಸ್‌ನಿಂದ ಅದರ ಪಾರ್ಟಿಷನ್ ಅಳಿಸಿದವರಿಗೆ ಬರುವ ಕಷ್ಟ. ಪಾರ್ಟಿಷನ್ ಹೋಯಿತು, ಇಎಫ್‌ಐ ಪಾರ್ಟಿಷನ್ನಿನಲ್ಲಿ ಗ್ರಬ್ ಉಳಿಯಿತು, ಅದು ಎದ್ದು ತನ್ನ ಮನೆ ಹುಡುಕುತ್ತಿದೆ. ಯುಇಎಫ್‌ಐ ಯಂತ್ರವಾದರೆ ಬೂಟ್ ಪಟ್ಟಿಯ ಕೀ ಒತ್ತಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದರೆ ಸಾಕು. ಕೆಲವದರಲ್ಲಿ ಅದು ಎಫ್12, ಕೆಲವದರಲ್ಲಿ ಎಫ್9, ಕೆಲವದರಲ್ಲಿ ಎಸ್ಕೇಪ್. ಹಳೆಯ ಎಂಬಿಆರ್ ಯಂತ್ರವಾದರೆ ವಿಂಡೋಸ್ ಪೆನ್‌ಡ್ರೈವಿನ ರಿಪೇರಿ ವಿಭಾಗದಲ್ಲಿ ಬೂಟ್‌ರೆಕ್, ಓರೆಗೆರೆ, ಫಿಕ್ಸ್‌ಎಂಬಿಆರ್.

ಲಿನಕ್ಸ್ ಪಾರ್ಟಿಷನ್ ಅಳಿಸಿಲ್ಲ, ಆದರೂ ಹೀಗೆ ನಿಂತಿದೆ ಎಂದರೆ ಪಾರ್ಟಿಷನ್ ಗುರುತು ಬದಲಾಗಿದೆ. ಎಲ್‌ಎಸ್ ಎಂದು ಕೊಡಿ, ಆವರಣದೊಳಗೆ ಎಚ್‌ಡಿ0, ಅಲ್ಪವಿರಾಮ, ಜಿಪಿಟಿ5 ಎಂಬಂತೆ ಹೆಸರುಗಳು ಬರುತ್ತವೆ. ಒಂದೊಂದನ್ನೇ ಎಲ್‌ಎಸ್‌ನ ಮುಂದೆ ಹೊಡೆದು, ಓರೆಗೆರೆ ಬೂಟ್, ಓರೆಗೆರೆ ಗ್ರಬ್ ಸೇರಿಸಿ ನೋಡಿ. ಕಡತಗಳ ಪಟ್ಟಿ ಬಂದದ್ದೇ ನಿಮ್ಮ ಲಿನಕ್ಸ್. ಆ ಹೆಸರನ್ನು ಸೆಟ್ ರೂಟ್ ಸಮ ಎಂಬುದರ ಮುಂದೆ ಕೊಡಿ, ಬೂಟ್ ಗ್ರಬ್ ಸೇರಿಸಿದ ಪೂರ್ತಿ ದಾರಿಯನ್ನು ಸೆಟ್ ಪ್ರಿಫಿಕ್ಸ್ ಸಮ ಎಂಬುದರ ಮುಂದೆ ಕೊಡಿ. ಆಮೇಲೆ ಇನ್‌ಸ್‌ಮಾಡ್ ನಾರ್ಮಲ್, ಕೊನೆಗೆ ನಾರ್ಮಲ್. ಪರಿಚಿತ ಪಟ್ಟಿ ಬರುತ್ತದೆ. ಇದು ಒಂದು ಸಲಕ್ಕೆ ಮಾತ್ರ. ಲಿನಕ್ಸ್ ಒಳಗೆ ಹೋದ ಮೇಲೆ ಗ್ರಬ್ ಇನ್‌ಸ್ಟಾಲ್, ಅಪ್‌ಡೇಟ್ ಗ್ರಬ್ ಎರಡನ್ನೂ ಓಡಿಸಿ ಖಾಯಂ ಮಾಡಿ.

2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಲೋಕದ ಎಷ್ಟೋ ಕಡೆ ಲಿನಕ್ಸ್ ಇನ್ನೊಂದು ರೀತಿಯಲ್ಲಿ ನಿಂತಿತು. ಹಳೆಯ ಶಿಮ್‌ಗಳನ್ನು ತಡೆಯುವ ಎಸ್‌ಬಿಎಟಿ ನಿಯಮ ಆಗ ಚಿಪ್‌ಗೆ ಬಂದಿತ್ತು. ಅಪ್‌ಡೇಟ್ ಮಾಡದೆ ಇಟ್ಟ ಲಿನಕ್ಸ್‌ನಲ್ಲಿ ಎಸ್‌ಬಿಎಟಿ ಹೆಸರಿರುವ ತಪ್ಪು ಕಂಡರೆ ಸೆಕ್ಯೂರ್ ಬೂಟ್ ಆಫ್ ಮಾಡಿ (ಅದಕ್ಕೂ ಮೊದಲು ರಿಕವರಿ ಕೀ ಕೈಯಲ್ಲಿರಲಿ), ಲಿನಕ್ಸ್‌ಗೆ ಹೋಗಿ, ಸುಡೊ ಜೊತೆ ಮೊಕ್‌ಯುಟಿಲ್, ಜಾಗ ಬಿಟ್ಟು ಎರಡು ಅಡ್ಡಗೆರೆ ಹಾಕಿ ಸೆಟ್ ಎಸ್‌ಬಿಎಟಿ ಪಾಲಿಸಿ (ಪದಗಳ ನಡುವೆ ಅಡ್ಡಗೆರೆ), ಜಾಗ ಬಿಟ್ಟು ಡಿಲೀಟ್ ಕೊಟ್ಟು, ರೀಸ್ಟಾರ್ಟ್ ಮಾಡಿ, ಎಲ್ಲ ಅಪ್‌ಡೇಟ್ ಹಾಕಿ, ಮತ್ತೆ ಸೆಕ್ಯೂರ್ ಬೂಟ್ ಆನ್ ಮಾಡಿ.

ಸಣ್ಣವು ಎರಡು

ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದರೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ. ಬೆಳಗಿನ 8ಕ್ಕೆ 2:30 ತೋರಿಸುತ್ತದೆ. ಬ್ಯಾಟರಿ ಸೆಲ್ ಬದಲಿಸಲು ಹೋಗಬೇಡಿ. ಲಿನಕ್ಸ್ ಒಳಗಿನ ಗಡಿಯಾರವನ್ನು ಲೋಕದ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್, ಜಾಗ ಬಿಟ್ಟು ಸೆಟ್ ಲೋಕಲ್ ಆರ್‌ಟಿಸಿ (ಪದಗಳ ನಡುವೆ ಅಡ್ಡಗೆರೆ), ಜಾಗ ಬಿಟ್ಟು 1 ಎಂದು ಕೊಡಿ. ಬೇಸಿಗೆಗೊಮ್ಮೆ ಗಡಿಯಾರ ತಿರುಗಿಸುವ ದೇಶಗಳಲ್ಲಿ ಈ ದಾರಿ ಬೇಡ ಎನ್ನುತ್ತಾರೆ, ನಮಗೆ ಆ ತಾಪತ್ರಯವಿಲ್ಲ.

ಲಿನಕ್ಸ್‌ನಿಂದ ವಿಂಡೋಸ್ ಡ್ರೈವ್ ತೆರೆದರೆ ಓದಲು ಮಾತ್ರ ಬಿಡುತ್ತದೆ ಅಥವಾ ತೆರೆಯುವುದೇ ಇಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದಾಗ ವಿಂಡೋಸ್ ಶಟ್‌ಡೌನ್ ಎಂದರೂ ಅರ್ಧ ನಿದ್ದೆಯಲ್ಲಿರುತ್ತದೆ, ಡ್ರೈವ್ ಇನ್ನೂ ತನ್ನದೇ ಎಂದುಕೊಂಡಿರುತ್ತದೆ. ಲಿನಕ್ಸ್ ತಡೆಯುವುದು ನಿಮ್ಮ ಫೈಲುಗಳನ್ನು ಕಾಯಲು. ಬಲವಂತದಿಂದ ತೆರೆಯಬೇಡಿ, ಮೇಲೆ ಹೇಳಿದ ಪವರ್‌ಸಿಎಫ್‌ಜಿ ಆಜ್ಞೆ ಕೊಟ್ಟು ಒಮ್ಮೆ ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ. ಹಾಗೆಯೇ ವಿಂಡೋಸ್ ಯಾವುದೋ ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕು ಎಂದು ಕೇಳಿದರೆ ಅದು ನಿಮ್ಮ ಲಿನಕ್ಸ್ ಪಾರ್ಟಿಷನ್ ಇರಬಹುದು. ಕ್ಯಾನ್ಸಲ್ ಒತ್ತಿ.

ನಿಜವಾಗಿಯೂ ಪಾರ್ಟಿಷನ್ ಅಳಿಸಿಬಿಟ್ಟಿದ್ದರೆ

ಆ ಕ್ಷಣದಲ್ಲೇ ಕೈ ತೆಗೆಯಿರಿ. ಪಾರ್ಟಿಷನ್ ಅಳಿಸಿದಾಗ ಹೋಗುವುದು ಮನೆಯ ಗಡಿಯ ದಾಖಲೆ, ಮನೆ ಅಲ್ಲೇ ಇರುತ್ತದೆ. ಆ ಜಾಗದ ಮೇಲೆ ಹೊಸದೇನಾದರೂ ಬರೆದರೆ ಮಾತ್ರ ಗೋಡೆ ಬೀಳಲು ಶುರು. ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಕೂಡ ಆಗಿದ್ದರೆ ಟ್ರಿಮ್ ಎಂಬ ವ್ಯವಸ್ಥೆ ಒಳಗಿನದನ್ನೂ ಒರೆಸಿಬಿಡಬಹುದು, ಆಗ ಆಸೆ ಕಡಿಮೆ. ಅಳಿಸಿದ್ದು ಮಾತ್ರವಾದರೆ ಪೆನ್‌ಡ್ರೈವಿನಿಂದ ಉಬುಂಟು ಎಬ್ಬಿಸಿ, ಟ್ರೈ ಆಯ್ಕೆಯಲ್ಲೇ ಇದ್ದು, ಕಳೆದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶ ಹಾಕಿಕೊಳ್ಳಿ. ಡಿಸ್ಕ್ ಆರಿಸಿ, ಜಿಪಿಟಿಯೋ ಎಂಬಿಆರೋ ಹೇಳಿ, ಅನಲೈಸ್, ಆಮೇಲೆ ಕ್ವಿಕ್ ಸರ್ಚ್. ಕಳೆದ ಪಾರ್ಟಿಷನ್ ಸಿಕ್ಕಿದರೆ ಅದರ ಮೇಲೆ ಪಿ ಒತ್ತಿ. ಒಳಗಿನ ಫೋಲ್ಡರುಗಳ ಹೆಸರು ಕಾಣಬೇಕು. ಹೆಸರುಗಳು ನಿಮ್ಮವೇ ಎಂದು ಗುರುತು ಹಿಡಿದ ಮೇಲೆ, ಮುಖ್ಯವಾದದ್ದನ್ನು ಅಲ್ಲಿಂದಲೇ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಅದು ಮುಗಿದ ಮೇಲಷ್ಟೇ ರೈಟ್ ಒತ್ತಿ.

ಪಾಂಡವಪುರದ ಹುಡುಗನ ಲ್ಯಾಪ್‌ಟಾಪಿಗೆ ಮಾರನೆಯ ದಿನ ಉಬುಂಟು ಹಾಕಿದೆವು. 512 ಜಿಬಿಯಲ್ಲಿ 120 ಲಿನಕ್ಸ್‌ಗೆ, ಉಳಿದದ್ದು ವಿಂಡೋಸ್‌ಗೆ. ಇಎಫ್‌ಐ ಪಾರ್ಟಿಷನ್ ಹಳೆಯದನ್ನೇ ಬಳಸಿದೆವು, ಫಾರ್ಮ್ಯಾಟ್ ಗುರುತು ಹಾಕದೆ. ರಿಕವರಿ ಕೀ ಬರೆದ ಕಾಗದದ ಒಂದು ಪ್ರತಿ ಅವನ ಅಮ್ಮನ ಹತ್ತಿರ, ಪಡಿತರ ಚೀಟಿ ಇಡುವ ಕವರಿನಲ್ಲಿದೆ.